ಪ್ರೈಮರಿಗೆ ಹೋಗಬೇಕೇ, ನವೆಂಬರ್‌ವರೆಗೆ ಕಾಯಬೇಕೇ? ಅಮೆರಿಕದ ಪಕ್ಷೇತರ ಮತದಾರರಿಗೆ ಒಂದು ಹೋಲಿಕೆ

2018ರ ಜೂನ್ 26, ಮಂಗಳವಾರ. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿದ್ದ ನಮ್ಮ ಮನೆಯಿಂದ ಎರಡು ಬೀದಿ ಆಚೆಯ ಶಾಲೆಯೊಂದು ಪ್ರೈಮರಿಯ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯ, ಮತಗಟ್ಟೆಯಾಗಿತ್ತು. ಕಚೇರಿ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆ. ಮೇಜಿನ ಹಿಂದೆ ಕುಳಿತಿದ್ದ ಹಿರಿಯ ಮಹಿಳೆ ದಪ್ಪ ಪುಸ್ತಕದ ಹಾಳೆಗಳನ್ನು ಎರಡು ಸಲ ಮಗುಚಿ ನೋಡಿದರು. ನನ್ನ ಹೆಸರಿರಬೇಕಾದ ಜಾಗದಲ್ಲಿ ಬೇರೆಯವರ ಎರಡು ಹೆಸರುಗಳು ಒಂದರ ಕೆಳಗೊಂದು ಅಂಟಿಕೊಂಡು ನಿಂತಿದ್ದವು, ನಡುವೆ ನಾನಿರಲಿಲ್ಲ. "ನೀವು ಯಾವ ಪಕ್ಷಕ್ಕೂ ಸೇರಿದವರಲ್ಲ. ಇವತ್ತು ನಿಮಗೆ ಮತಪತ್ರ ಇಲ್ಲ" ಎಂದು ಅವರು ಮೆತ್ತಗೆ ಹೇಳಿದರು. ಹಿಂದಿನ ವರ್ಷ ಪೌರತ್ವದ ಪ್ರಮಾಣವಚನ ಮುಗಿಸಿದ ದಿನವೇ ನಾನು ಮತದಾರರ ನೋಂದಣಿ ಅರ್ಜಿ ತುಂಬಿದ್ದೆ. ಪಕ್ಷದ ಸಾಲಿಗೆ ಬಂದಾಗ, ಯಾವ ಪಕ್ಷಕ್ಕೂ ಸೇರಲು ಇಷ್ಟವಿಲ್ಲ ಎಂಬ ಚೌಕಕ್ಕೆ ಹೆಮ್ಮೆಯಿಂದಲೇ ಗುರುತು ಹಾಕಿದ್ದೆ.

ಅಂದು ಆ ಕ್ಷೇತ್ರದಲ್ಲಿ ನಡೆದದ್ದು ಅಮೆರಿಕದ ರಾಜಕೀಯದಲ್ಲಿ ಇಂದಿಗೂ ಮಾತಿಗೆ ಬರುತ್ತದೆ. 1999ರಿಂದ ಸಂಸದರಾಗಿದ್ದ ಜೋ ಕ್ರೌಲಿ ಅವರನ್ನು 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ ಸೋಲಿಸಿದರು. ಸುಮಾರು 7 ಲಕ್ಷ ಜನರ ಆ ಕ್ಷೇತ್ರದಲ್ಲಿ ಅಂದು ಇಬ್ಬರಿಗೂ ಸೇರಿ ಬಿದ್ದ ಮತ ಸುಮಾರು 30 ಸಾವಿರ. ನವೆಂಬರ್‌ನಲ್ಲಿ ಅಂತಿಮ ಚುನಾವಣೆ ನಡೆದಾಗ ನಾನೂ ಸಾಲಿನಲ್ಲಿ ನಿಂತು ಮತ ಹಾಕಿದೆ. ಆಗ ಒಕಾಸಿಯೊ-ಕಾರ್ಟೆಜ್ ಗೆದ್ದದ್ದು ಶೇ 78 ಮತಗಳಿಂದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಜ್ಜಿಯ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದರ ಅರ್ಥ ನನಗೆ ಆ ವರ್ಷ ಮನದಟ್ಟಾಯಿತು.

ಈಚೆಗೆ ಟೆಕ್ಸಸ್‌ನ ಫ್ರಿಸ್ಕೊ, ಫ್ಲಾರಿಡಾದ ಟ್ಯಾಂಪಾ ಮತ್ತು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಮೂವರು ಸ್ನೇಹಿತರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು: "ನಾವು ಯಾವ ಪಕ್ಷದವರೂ ಅಲ್ಲ. ಪ್ರೈಮರಿಯಲ್ಲಿ ಮತ ಹಾಕಬೇಕೇ? ಅದಕ್ಕಾಗಿ ಪಕ್ಷದ ಹೆಸರು ಬರೆಸಿಕೊಳ್ಳಬೇಕೇ?" ಮೂವರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ನಿಯಮವನ್ನು ಮಾಡುವುದು ಆಯಾ ರಾಜ್ಯ. ಒಂದು ರಾಜ್ಯದಲ್ಲಿ ಜಾಣತನವಾಗಿರುವುದು ಇನ್ನೊಂದರಲ್ಲಿ ಅಸಾಧ್ಯವಾಗಿರುತ್ತದೆ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 2024ರಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ 43 ಮಂದಿ ತಮ್ಮನ್ನು ಪಕ್ಷೇತರರು ಎಂದು ಕರೆದುಕೊಂಡಿದ್ದರು. ಆದ್ದರಿಂದ ಇದು ನಮ್ಮಂಥ ಕೆಲವರ ಗೊಂದಲವಷ್ಟೇ ಅಲ್ಲ.

ಪ್ರೈಮರಿ ಎಂದರೆ ಬಿ ಫಾರಂ ಕೈಗೆ ಬರುವ ಘಟ್ಟ

ಕರ್ನಾಟಕದಲ್ಲಿ ಬೆಳೆದವರಿಗೆ ಪ್ರೈಮರಿಯನ್ನು ಅರ್ಥ ಮಾಡಿಸಲು ಸುಲಭದ ದಾರಿಯೊಂದಿದೆ. ನಮ್ಮಲ್ಲಿ ಯಾರಿಗೆ ಟಿಕೆಟ್ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಸಿಕ್ಕವರು ಪಕ್ಷದ ಅಭ್ಯರ್ಥಿ. ಅಮೆರಿಕದಲ್ಲಿ ಆ ಬಿ ಫಾರಂ ಯಾರಿಗೆ ಎಂಬುದನ್ನು ಮತದಾರರೇ ಒಂದು ಚುನಾವಣೆಯ ಮೂಲಕ ನಿರ್ಧರಿಸುತ್ತಾರೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ಭಾರತದ ಕೆಲವೇ ಕ್ಷೇತ್ರಗಳಲ್ಲಿ ಇಂಥದೊಂದು ಪ್ರಯೋಗ ಮಾಡಿತ್ತು. ಅವುಗಳಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಸೇರಿದ್ದವು. ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಹಾಗೆ ಆಯ್ಕೆಯಾಗಿ ಕಣಕ್ಕಿಳಿದರು. ಆದರೆ ಅಲ್ಲಿ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು, ಸಾಮಾನ್ಯ ಮತದಾರರಲ್ಲ. ಅಮೆರಿಕದ ವ್ಯತ್ಯಾಸ ಇರುವುದು ಇಲ್ಲಿಯೇ. ಪ್ರೈಮರಿಯನ್ನು ಬಹುಪಾಲು ಸರ್ಕಾರವೇ ನಡೆಸುತ್ತದೆ, ಅದೇ ಮತಗಟ್ಟೆ, ಅದೇ ಸಿಬ್ಬಂದಿ, ಖರ್ಚು ತೆರಿಗೆ ಹಣದಿಂದ.

ತೆರಿಗೆ ನಮ್ಮದು, ಆದ್ದರಿಂದ ಬಾಗಿಲೂ ನಮಗೆ ತೆರೆದಿರಬೇಕು ಎನ್ನುವುದು ಪಕ್ಷೇತರರ ವಾದ. ಕನ್ನಡ ಸಂಘದ ಅಧ್ಯಕ್ಷರನ್ನು ಸದಸ್ಯರಲ್ಲದವರು ಆರಿಸಲು ಸಾಧ್ಯವೇ ಎನ್ನುವುದು ಪಕ್ಷಗಳ ವಾದ. ಎರಡರಲ್ಲೂ ಹುರುಳಿದೆ. ಸುಪ್ರೀಂ ಕೋರ್ಟ್ 1986ರಲ್ಲಿ ಕನೆಕ್ಟಿಕಟ್‌ನ ಪ್ರಕರಣದಲ್ಲಿ, ಪಕ್ಷವೊಂದು ಪಕ್ಷೇತರರನ್ನು ಒಳಗೆ ಕರೆಯಬೇಕೆಂದರೆ ರಾಜ್ಯ ಅದನ್ನು ತಡೆಯುವಂತಿಲ್ಲ ಎಂದಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಪ್ರಕರಣದಲ್ಲಿ, ಹೊರಗಿನವರಿಗೂ ಮತ ಕೊಡಲೇಬೇಕೆಂದು ಪಕ್ಷಗಳ ಮೇಲೆ ಹೇರುವ ವ್ಯವಸ್ಥೆಯನ್ನು ತಳ್ಳಿಹಾಕಿತು. ಒಟ್ಟಿನಲ್ಲಿ ನ್ಯಾಯಾಲಯ ಮನೆಯ ಯಜಮಾನಿಕೆಯನ್ನು ಪಕ್ಷಕ್ಕೇ ಕೊಟ್ಟಿದೆ. ಒಳಗೆ ಹೋಗುವ ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು.

ಮೊದಲು ಅಳತೆಗೋಲು

ದಾರಿಗಳನ್ನು ತೂಗುವ ಮುನ್ನ ಯಾವುದರಿಂದ ತೂಗಬೇಕು ಎಂಬುದು ಸ್ಪಷ್ಟವಾಗಿರಬೇಕು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ನಿಮ್ಮ ಕ್ಷೇತ್ರದ ಫಲಿತಾಂಶ ನಿಜವಾಗಿ ಯಾವ ದಿನ ತೀರ್ಮಾನವಾಗುತ್ತದೆ? ಕಳೆದ ಮೂರು ನವೆಂಬರ್ ಚುನಾವಣೆಗಳ ಅಂಕಿಗಳನ್ನು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜಾಲತಾಣದಲ್ಲಿ ನೋಡಿ. ಒಂದೇ ಪಕ್ಷ ಪ್ರತಿ ಸಲವೂ 20 ಶೇಕಡಾ ಅಂಶಗಳ ಅಂತರದಲ್ಲಿ ಗೆಲ್ಲುತ್ತಿದ್ದರೆ ನಿಮ್ಮ ಪ್ರತಿನಿಧಿ ಆಯ್ಕೆಯಾಗುವುದು ಪ್ರೈಮರಿಯಲ್ಲಿ. ಅಂತರ ನಾಲ್ಕೈದು ಅಂಶಗಳಾಗಿದ್ದರೆ ನವೆಂಬರ್‌ಗೂ ಜೀವವಿದೆ.

ಎರಡನೆಯದು ರಾಜ್ಯದ ನಿಯಮ ಮತ್ತು ಗಡುವು. ಮೂರನೆಯದು, ನೀವು ಹಾಕುವ ಹೆಜ್ಜೆ ದಾಖಲೆಯಲ್ಲಿ ಬಿಡುವ ಗುರುತು. ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು. ಯಾವ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದೀರಿ, ಯಾವ ಪ್ರೈಮರಿಗೆ ಬಂದಿರಿ ಎಂಬುದು ಹೆಚ್ಚಿನ ಕಡೆ ಗುಟ್ಟಲ್ಲ. ಪ್ರಚಾರದವರು ಆ ಪಟ್ಟಿಗಳನ್ನು ಪಡೆದೇ ನಿಮಗೆ ಕರೆ ಮಾಡುತ್ತಾರೆ, ಬಾಗಿಲು ಬಡಿಯುತ್ತಾರೆ.

ನಾಲ್ಕನೆಯದು ಸಮಯ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನವೆಂಬರ್‌ನಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದ ಪಕ್ಷವೇ ಅರ್ಧ ಮಾಹಿತಿ ಕೊಡುತ್ತದೆ. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು, ಆದ್ದರಿಂದ ಆ ಆಸರೆ ಇಲ್ಲ. ಶಾಲೆ, ರಸ್ತೆ, ಆಸ್ತಿ ತೆರಿಗೆಯ ಬಗ್ಗೆ ಯಾರು ಏನು ಹೇಳಿದ್ದಾರೆ ಎಂದು ಓದಲೇಬೇಕು. ನನಗೆ ಒಂದು ಭಾನುವಾರದ ಮಧ್ಯಾಹ್ನ ಪೂರ್ತಿ ಬೇಕಾಗುತ್ತದೆ. ನ್ಯಾಯಾಧೀಶರನ್ನೂ ಪಕ್ಷದ ಹೆಸರಿನಲ್ಲೇ ಆರಿಸುವ ಟೆಕ್ಸಸ್‌ನಲ್ಲಿ ಎರಡು ಭಾನುವಾರಗಳೇ ಬೇಕಾದೀತು.

ನವೆಂಬರ್‌ಗೆ ಮಾತ್ರ ಹೋಗುವವರು

ಇದು ಅತ್ಯಂತ ಸುಲಭದ ದಾರಿ. ದಾಖಲೆಯಲ್ಲಿ ಯಾವ ಗುರುತೂ ಇಲ್ಲ, ಅಂಚೆ ಪೆಟ್ಟಿಗೆಯಲ್ಲಿ ಕರಪತ್ರಗಳ ರಾಶಿ ಕಡಿಮೆ, ಮನಸ್ಸಿಗೆ ಒಪ್ಪದ ಪಕ್ಷದ ಹೆಸರನ್ನು ನಮ್ಮ ಹೆಸರಿನ ಪಕ್ಕದಲ್ಲಿ ನೋಡುವ ಕಸಿವಿಸಿ ಇಲ್ಲ. ಪತ್ರಿಕೋದ್ಯಮದಲ್ಲಿರುವ ನನ್ನ ಗೆಳತಿಯೊಬ್ಬಳು ಇದನ್ನೇ ಆರಿಸಿಕೊಂಡಿದ್ದಾಳೆ. ಅವಳ ಹೆಸರಿನ ಪಕ್ಕ ಪಕ್ಷವೊಂದು ಕಂಡರೆ ಅವಳ ಬರಹವನ್ನು ಓದುವವರ ನಂಬಿಕೆ ಅಲುಗಾಡಬಹುದು. ಅಂಥವರಿಗೆ ಇದು ಸರಿಯಾದ ದಾರಿ. ಎರಡೂ ಪಕ್ಷಗಳು ಸಮಬಲದಲ್ಲಿರುವ ಕ್ಷೇತ್ರದಲ್ಲಿ ವಾಸಿಸುವವರಿಗೂ ಇದರಿಂದ ದೊಡ್ಡ ನಷ್ಟವಿಲ್ಲ.

ಒಮ್ಮೊಮ್ಮೆ ಒಂದೇ ಪಕ್ಷದ ಭದ್ರ ನೆಲೆಯಾದ ಕ್ಷೇತ್ರದಲ್ಲೂ ನವೆಂಬರ್ ರಂಗೇರುತ್ತದೆ. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಸ್ಥಾನಕ್ಕೆ ನಡೆದ ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆ್ಯಂಡ್ರ್ಯೂ ಕುವೊಮೊ ಅವರನ್ನು ಸೋಲಿಸಿದರು. ಕುವೊಮೊ ಪಕ್ಷೇತರರಾಗಿ ಮತ್ತೆ ಕಣಕ್ಕಿಳಿದದ್ದರಿಂದ, ಪ್ರೈಮರಿಯಲ್ಲಿ ಮತ ಹಾಕಲಾಗದ ನಗರದ ಲಕ್ಷಾಂತರ ಪಕ್ಷೇತರ ಮತದಾರರಿಗೂ ನವೆಂಬರ್‌ನಲ್ಲಿ ನಿಜವಾದ ಸ್ಪರ್ಧೆಯೊಂದು ಸಿಕ್ಕಿತು. ಮಮ್ದಾನಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಮತ ಪಡೆದು ಗೆದ್ದರು. ಆದರೆ ಇಂಥ ಅವಕಾಶ ದೊಡ್ಡ ಹೆಸರು, ದೊಡ್ಡ ಹಣ ಇರುವಲ್ಲಿ ಮಾತ್ರ ಕಾಣಿಸುತ್ತದೆ. ನಿಮ್ಮ ಕೌಂಟಿಯ ಕಮಿಷನರ್ ಸ್ಥಾನಕ್ಕೆ ಸೋತವರು ಮರಳಿ ನಿಲ್ಲುವುದನ್ನು ಕಾಯುತ್ತಾ ಕೂರುವುದು ಬೇಡ. ಎಷ್ಟೋ ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಸೋತವರು ಅದೇ ಸ್ಥಾನಕ್ಕೆ ಮತ್ತೆ ನಿಲ್ಲದಂತೆ ಕಾನೂನೇ ತಡೆಯುತ್ತದೆ.

ಈ ಗುಂಪಿನವರು ಸಾಮಾನ್ಯವಾಗಿ ಕೈಬಿಡುವ ಸಂಗತಿಯೊಂದಿದೆ. ಮುಚ್ಚಿದ ಪ್ರೈಮರಿಯ, ಅಂದರೆ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಮತವಿರುವ ರಾಜ್ಯಗಳಲ್ಲೂ ಪ್ರೈಮರಿ ದಿನದ ಮತಪತ್ರದಲ್ಲಿ ಪಕ್ಷಕ್ಕೆ ಸಂಬಂಧಿಸದ ಸ್ಪರ್ಧೆಗಳಿರಬಹುದು. ಫ್ಲಾರಿಡಾದಲ್ಲಿ ಶಾಲಾ ಮಂಡಳಿ ಮತ್ತು ನ್ಯಾಯಾಧೀಶರ ಸ್ಪರ್ಧೆಗಳು ಆಗಸ್ಟ್ ತಿಂಗಳ ಪ್ರೈಮರಿಯ ದಿನವೇ ನಡೆಯುತ್ತವೆ, ಅದರಲ್ಲಿ ಎಲ್ಲ ನೋಂದಾಯಿತ ಮತದಾರರಿಗೂ ಮತವಿದೆ. ಪೆನ್ಸಿಲ್ವೇನಿಯಾದಲ್ಲಿ ಮೇ ತಿಂಗಳ ಮತಪತ್ರದಲ್ಲಿ ಜನಾಭಿಪ್ರಾಯಕ್ಕೆ ಇಟ್ಟ ಪ್ರಶ್ನೆಗಳಿದ್ದರೆ ಪಕ್ಷೇತರರೂ ಉತ್ತರಿಸಬಹುದು. ಟ್ಯಾಂಪಾದ ಸ್ನೇಹಿತರಿಗೆ ಇದು ಗೊತ್ತೇ ಇರಲಿಲ್ಲ. ಅವರ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ, ಹತ್ತು ವರ್ಷದಿಂದ ಶಾಲಾ ಮಂಡಳಿಗೆ ಅವರು ಮತ ಹಾಕಿಲ್ಲ.

ಪಕ್ಷೇತರರಾಗಿಯೇ ಪ್ರೈಮರಿಯಲ್ಲಿ ಮತ ಹಾಕುವ ದಾರಿ

ನಿಮ್ಮ ರಾಜ್ಯ ಇದಕ್ಕೆ ಅವಕಾಶ ಕೊಟ್ಟಿದ್ದರೆ ಮನೆಯಲ್ಲಿ ಕೂರಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಇಷ್ಟು ಖಂಡಿತವಾಗಿ ಹೇಳಲು ಧೈರ್ಯ ಬರುವುದು ಈ ಇಡೀ ವಿಷಯದಲ್ಲಿ ಇದೊಂದೇ ಕಡೆ.

ಆದರೆ ‘ತೆರೆದ’ ಎನ್ನುವ ಒಂದೇ ಮಾತಿನೊಳಗೆ ಹಲವು ಬಗೆಗಳಿವೆ. ಮ್ಯಾಸಚೂಸೆಟ್ಸ್‌ನಲ್ಲಿ ನೋಂದಾಯಿತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾವ ಪಕ್ಷಕ್ಕೂ ಸೇರದವರು. ಅವರು ಮತಗಟ್ಟೆಯಲ್ಲಿ ತಮಗೆ ಬೇಕಾದ ಪಕ್ಷದ ಮತಪತ್ರ ಕೇಳಿ ಪಡೆಯಬಹುದು, ಮತ ಹಾಕಿದ ಮೇಲೂ ಪಕ್ಷೇತರರಾಗಿಯೇ ಉಳಿಯುತ್ತಾರೆ. ಕೊಲರಾಡೊದಲ್ಲಿ 2016ರ ಜನಮತದಿಂದಾಗಿ ಪಕ್ಷೇತರರ ಮನೆಗೆ ಎರಡೂ ಪಕ್ಷಗಳ ಮತಪತ್ರಗಳು ಅಂಚೆಯಲ್ಲಿ ಬರುತ್ತವೆ. ಒಂದನ್ನು ಮಾತ್ರ ತುಂಬಿ ಕಳುಹಿಸಬೇಕು, ಎರಡನ್ನೂ ತುಂಬಿ ಕಳುಹಿಸಿದರೆ ಎರಡೂ ಎಣಿಕೆಗೆ ಬರುವುದಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮತಪತ್ರ ತೆಗೆದುಕೊಂಡ ಕ್ಷಣ ನೀವು ಆ ಪಕ್ಷದವರಾಗುತ್ತೀರಿ, ಹೊರಬೀಳುವ ಮುನ್ನ ಇನ್ನೊಂದು ಅರ್ಜಿಗೆ ಸಹಿ ಹಾಕಿದರೆ ಮತ್ತೆ ಪಕ್ಷೇತರರು. ನಾನು ಈಗ ವಾಸಿಸುವ ನ್ಯೂಜೆರ್ಸಿಯಲ್ಲಿ ಪಕ್ಷೇತರರು ಜೂನ್ ತಿಂಗಳ ಪ್ರೈಮರಿಯ ದಿನ ಮತಗಟ್ಟೆಯಲ್ಲೇ ಪಕ್ಷವನ್ನು ಘೋಷಿಸಿ ಮತ ಹಾಕಬಹುದು. ಆದರೆ ಆ ಘೋಷಣೆ ದಾಖಲೆಯಲ್ಲಿ ಉಳಿಯುತ್ತದೆ, ತೆಗೆಸಬೇಕೆಂದರೆ ನೀವೇ ಅರ್ಜಿ ಕೊಡಬೇಕು. ಈಗಾಗಲೇ ಒಂದು ಪಕ್ಷದಲ್ಲಿರುವವರು ಇನ್ನೊಂದಕ್ಕೆ ಹೋಗಬೇಕಾದರೆ ಪ್ರೈಮರಿಗೆ 55 ದಿನ ಮುಂಚೆಯೇ ಬದಲಾಯಿಸಿರಬೇಕು.

ಮಿಶಿಗನ್‌ನಲ್ಲಿ ಪಕ್ಷದ ನೋಂದಣಿ ಎಂಬುದೇ ಇಲ್ಲ. ಆಗಸ್ಟ್ ತಿಂಗಳ ಪ್ರೈಮರಿಯಲ್ಲಿ ಒಂದೇ ಹಾಳೆಯ ಮೇಲೆ ಪಕ್ಷಗಳ ಅಂಕಣಗಳು ಅಕ್ಕಪಕ್ಕ ಇರುತ್ತವೆ. ಯಾವ ಅಂಕಣವನ್ನು ಆರಿಸಿದಿರಿ ಎಂಬುದು ನಿಮಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಆದರೆ ಗವರ್ನರ್‌ಗೆ ಈ ಅಂಕಣದಲ್ಲಿ, ಸಂಸತ್ತಿಗೆ ಆ ಅಂಕಣದಲ್ಲಿ ಎಂದು ಗುರುತು ಹಾಕಿದರೆ ಪಕ್ಷದ ಭಾಗದ ಮತಗಳೆಲ್ಲ ಅಸಿಂಧುವಾಗುತ್ತವೆ. ಈ ರಾಜ್ಯಕ್ಕೆ ನಮ್ಮ ಕಡೆಯ ನಂಟೂ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಡೆಟ್ರಾಯಿಟ್‌ನ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿ ಇದ್ದರು, ಥಾನೇದಾರ್ ಅವರಿಗೆ ಸಿಕ್ಕಿದ್ದು ಸುಮಾರು ಶೇ 28. ಅಲ್ಲಿ ಎರಡನೆಯ ಸುತ್ತಿಲ್ಲ, ಆದ್ದರಿಂದ ಅಷ್ಟೇ ಸಾಕಾಯಿತು. ನವೆಂಬರ್‌ನಲ್ಲಿ ಅದೇ ಅಭ್ಯರ್ಥಿಗೆ ಶೇ 70ಕ್ಕಿಂತ ಹೆಚ್ಚು ಮತ ಬಂದವು. ಒಂಬತ್ತು ಜನರ ನಡುವೆ ಮತ ಹಂಚಿಹೋಗುವಾಗ ಕೆಲವೇ ನೂರು ಪಕ್ಷೇತರರ ಕೈ ಎಷ್ಟು ಉದ್ದವಾಗಬಹುದು ಎಂದು ಊಹಿಸಿ.

ಫ್ರಿಸ್ಕೊದ ಸ್ನೇಹಿತರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಟೆಕ್ಸಸ್‌ನಲ್ಲೂ ಪಕ್ಷದ ನೋಂದಣಿ ಇಲ್ಲ. ಮಾರ್ಚ್ ತಿಂಗಳಲ್ಲಿ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆದರೆ ಆ ವರ್ಷದ ಮಟ್ಟಿಗೆ ನೀವು ಆ ಪಕ್ಷದವರು, ವರ್ಷ ಮುಗಿದೊಡನೆ ಆ ನಂಟೂ ಮುಗಿಯುತ್ತದೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಎರಡನೆಯ ಸುತ್ತು ನಡೆಯುತ್ತದೆ. ಮಾರ್ಚ್‌ನಲ್ಲಿ ಒಂದು ಪಕ್ಷದ ಮತಪತ್ರ ಪಡೆದವರು ಆ ಸುತ್ತಿನಲ್ಲಿ ಇನ್ನೊಂದು ಪಕ್ಷದ ಕಡೆ ಹೋಗುವಂತಿಲ್ಲ. ಮೊದಲ ಸುತ್ತಿಗೆ ಹೋಗದವರು ಯಾವ ಪಕ್ಷದ ಎರಡನೆಯ ಸುತ್ತಿಗಾದರೂ ಹೋಗಬಹುದು. ಆ ಎರಡನೆಯ ಸುತ್ತನ್ನು ಹಗುರವಾಗಿ ಕಾಣಬೇಡಿ. 2012ರ ರಿಪಬ್ಲಿಕನ್ ಸೆನೆಟ್ ಪ್ರೈಮರಿಯ ಮೊದಲ ಸುತ್ತಿನಲ್ಲಿ ಟೆಡ್ ಕ್ರೂಜ್ ಸುಮಾರು ಹತ್ತು ಅಂಶ ಹಿಂದಿದ್ದರು, ಜುಲೈ ಕೊನೆಯ ಎರಡನೆಯ ಸುತ್ತಿನಲ್ಲಿ ಗೆದ್ದು ಸೆನೆಟ್ ತಲುಪಿದರು. 1994ರ ನಂತರ ಟೆಕ್ಸಸ್‌ನಲ್ಲಿ ರಾಜ್ಯಮಟ್ಟದ ಯಾವ ಹುದ್ದೆಯನ್ನೂ ಡೆಮಾಕ್ರಾಟರು ಗೆದ್ದಿಲ್ಲ. ಹೀಗಿರುವಾಗ ಅಲ್ಲಿನ ಪಕ್ಷೇತರರು ರಿಪಬ್ಲಿಕನ್ ಪ್ರೈಮರಿಯನ್ನು ಬಿಟ್ಟುಕೊಟ್ಟರೆ ರಾಜ್ಯದ ಆಡಳಿತದ ಮೇಲಿನ ತಮ್ಮ ಹಕ್ಕಿನ ದೊಡ್ಡ ಪಾಲನ್ನೇ ಬಿಟ್ಟುಕೊಟ್ಟಂತೆ. ಹಾಗೆಂದು, ನಿಮ್ಮ ಮನೆ ಇರುವ ಕೌಂಟಿಯಲ್ಲಿ ಡೆಮಾಕ್ರಾಟರದೇ ಮೇಲುಗೈ ಆಗಿದ್ದು, ನಿಮ್ಮ ಚಿಂತೆಯೆಲ್ಲ ಸ್ಥಳೀಯ ನ್ಯಾಯಾಧೀಶರು ಮತ್ತು ಕಮಿಷನರ್‌ಗಳ ಬಗ್ಗೆ ಆಗಿದ್ದರೆ ಆ ಕಡೆಯ ಮತಪತ್ರವೇ ಹೆಚ್ಚು ಬೆಲೆಯದು. ಎರಡೂ ಒಟ್ಟಿಗೆ ಸಿಗುವುದಿಲ್ಲ, ಯಾವ ಹುದ್ದೆ ನಿಮ್ಮ ದಿನನಿತ್ಯವನ್ನು ಹೆಚ್ಚು ತಟ್ಟುತ್ತದೆ ಎಂದು ನೋಡಿ ಒಂದನ್ನು ಆರಿಸಿ.

ಗುರುತು ಹಾಕಲಿಕ್ಕಾಗಿ ಪಕ್ಷ ಸೇರುವುದು

ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾ, ಮೇರಿಲ್ಯಾಂಡ್, ಒರೆಗಾನ್‌ನಂಥ ರಾಜ್ಯಗಳಲ್ಲಿ ಪಕ್ಷೇತರರಿಗೆ ಬಾಗಿಲು ಮುಚ್ಚಿದೆ. ಅಲ್ಲಿ ಒಳಗೆ ಹೋಗಬೇಕಾದರೆ ನೋಂದಣಿಯಲ್ಲಿ ಪಕ್ಷದ ಹೆಸರು ಇರಲೇಬೇಕು. ಬಹಳ ಜನ ಹಿಂಜರಿಯುವುದು ಇಲ್ಲಿಯೇ, ಏಕೆಂದರೆ ಪಕ್ಷ ಸೇರುವುದು ಎಂದೊಡನೆ ನಮ್ಮ ಕಣ್ಣ ಮುಂದೆ ಶಾಲು ಹೊದಿಸಿ, ಬಾವುಟ ಕೈಗಿತ್ತು, ಜೈಕಾರ ಹಾಕಿಸುವ ದೃಶ್ಯ ಬರುತ್ತದೆ. ಅಮೆರಿಕದ ನೋಂದಣಿಯಲ್ಲಿ ಅದ್ಯಾವುದೂ ಇಲ್ಲ. ಚಂದಾ ಇಲ್ಲ, ಸಭೆಗೆ ಬರಬೇಕೆಂಬ ಕಟ್ಟುಪಾಡಿಲ್ಲ, ನವೆಂಬರ್‌ನಲ್ಲಿ ಆ ಪಕ್ಷಕ್ಕೇ ಮತ ಹಾಕಬೇಕೆಂಬ ಬಂಧನವಂತೂ ಇಲ್ಲವೇ ಇಲ್ಲ. ಅರ್ಜಿಯಲ್ಲಿ ಒಂದು ಚೌಕ, ಅಷ್ಟೇ. ಜಾಕ್ಸನ್ ಹೈಟ್ಸ್‌ನ ಆ ಸಂಜೆಯ ನಂತರ ನಾನು ಆ ಚೌಕವನ್ನು ಬೀಗದ ಕೈಯಾಗಿ ನೋಡಲು ಕಲಿತೆ. ಮುಂದಿನ ಪ್ರೈಮರಿಗೆ ಮುನ್ನ ಪಕ್ಷದ ಹೆಸರು ಬರೆಸಿದೆ. ನನ್ನ ಅಭಿಪ್ರಾಯಗಳಲ್ಲಿ ಒಂದೂ ಬದಲಾಗಲಿಲ್ಲ.

ಬೆಲೆ ತೆರಬೇಕಾದದ್ದು ಗಡುವಿನ ವಿಷಯದಲ್ಲಿ. ಫ್ಲಾರಿಡಾದಲ್ಲಿ ಪ್ರೈಮರಿಗೆ 29 ದಿನ ಮುಂಚೆ, ಪೆನ್ಸಿಲ್ವೇನಿಯಾದಲ್ಲಿ 15 ದಿನ ಮುಂಚೆ ಬದಲಾವಣೆ ಮುಗಿದಿರಬೇಕು. ನ್ಯೂಯಾರ್ಕ್ ಇವೆಲ್ಲಕ್ಕಿಂತ ಬಿಗಿ: ಈಗಾಗಲೇ ನೋಂದಾಯಿಸಿಕೊಂಡವರು ಜೂನ್ ಪ್ರೈಮರಿಗಾಗಿ ಪಕ್ಷ ಸೇರಬೇಕಾದರೆ ಫೆಬ್ರವರಿ 14 ಕೊನೆಯ ದಿನ. ಆಗಿನ್ನೂ ಅರ್ಧದಷ್ಟು ಅಭ್ಯರ್ಥಿಗಳ ಹೆಸರೂ ಜನರ ಕಿವಿಗೆ ಬಿದ್ದಿರುವುದಿಲ್ಲ. ಹಿಂದೆ ಇದು ಇನ್ನೂ ಕಠಿಣವಾಗಿತ್ತು. 2016ರ ಏಪ್ರಿಲ್ ತಿಂಗಳ ಅಧ್ಯಕ್ಷೀಯ ಪ್ರೈಮರಿಗೆ ಗಡುವು ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಅವರಿಗೇ ತಂದೆಗೆ ಮತ ಹಾಕಲು ಆಗಲಿಲ್ಲ.

ಇನ್ನೊಂದು ಹಳ್ಳವನ್ನೂ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಅರ್ಜಿಯಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಎಂಬ ಆಯ್ಕೆ ಕಾಣುತ್ತದೆ. ಇಂಡಿಪೆಂಡೆಂಟ್ ಎಂಬ ಪದ ನೋಡಿ ಅದೇ ಪಕ್ಷೇತರರ ಚೌಕ ಎಂದು ಅನೇಕರು ಗುರುತು ಹಾಕಿಬಿಟ್ಟಿದ್ದಾರೆ. ಅದು ಒಂದು ಪಕ್ಷದ ಹೆಸರು. ಜನಾಂಗೀಯ ಪ್ರತ್ಯೇಕತೆಯ ಪ್ರತಿಪಾದಕರಾಗಿದ್ದ ಜಾರ್ಜ್ ವ್ಯಾಲೇಸ್ 1968ರಲ್ಲಿ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದು ಆ ಪಕ್ಷದಿಂದ. ನಮ್ಮ ಬಣ್ಣದ ಜನ ಅರಿಯದೆ ಆ ಪಟ್ಟಿಯಲ್ಲಿ ಸೇರಿಕೊಂಡಿರುವುದನ್ನು ನೆನೆದರೆ ನನಗೆ ನೋವಾಗುತ್ತದೆ. ಪಕ್ಷ ಬೇಡವೆಂದರೆ ಯಾವ ಪಕ್ಷವೂ ಬೇಡ ಎನ್ನುವ ಚೌಕವನ್ನೇ ಹುಡುಕಿ ಗುರುತು ಹಾಕಿ.

ಫ್ಲಾರಿಡಾದವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು. ಒಂದು ಹುದ್ದೆಗೆ ನಿಂತವರೆಲ್ಲ ಒಂದೇ ಪಕ್ಷದವರಾಗಿದ್ದು, ನವೆಂಬರ್‌ನಲ್ಲಿ ಎದುರಾಳಿಯೇ ಇಲ್ಲದಿದ್ದರೆ ಆ ಪ್ರೈಮರಿ ಎಲ್ಲ ಮತದಾರರಿಗೂ ತೆರೆದುಕೊಳ್ಳುತ್ತದೆ ಎಂದು ಅಲ್ಲಿನ ಸಂವಿಧಾನ 1998ರಿಂದ ಹೇಳುತ್ತಿದೆ. ಕೇಳಲು ಚೆನ್ನಾಗಿದೆ. ಆದರೆ ಮತಪತ್ರದಲ್ಲಿ ಹೆಸರೂ ಅಚ್ಚಾಗದ, ಮತದಾರರೇ ಹೆಸರು ಬರೆದು ಮತ ಹಾಕಬೇಕಾದ ಅಭ್ಯರ್ಥಿಯೊಬ್ಬರು ಅರ್ಜಿ ಸಲ್ಲಿಸಿದರೂ ‘ಎದುರಾಳಿ ಇದ್ದಾರೆ’ ಎಂದಾಗಿ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಕಿಂಡಿಯನ್ನು ಬೇಕೆಂದೇ ಬಳಸಿಕೊಂಡ ಪ್ರಸಂಗಗಳು ಆ ರಾಜ್ಯದಲ್ಲಿ ಮತ್ತೆ ಮತ್ತೆ ನಡೆದಿವೆ. 2020ರಲ್ಲಿ ಪ್ರೈಮರಿಯನ್ನು ಎಲ್ಲರಿಗೂ ತೆರೆಯುವ ತಿದ್ದುಪಡಿಗೆ ಶೇ 57 ಮಂದಿ ಹೌದು ಎಂದರು. ಬೇಕಾಗಿದ್ದದ್ದು ಶೇ 60, ಆದ್ದರಿಂದ ಬಿದ್ದುಹೋಯಿತು. ಟ್ಯಾಂಪಾದಲ್ಲಿ ಕುಳಿತು ಬಾಗಿಲು ತಾನಾಗಿ ತೆರೆಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಅಲ್ಲಿನವರಿಗೆ ನನ್ನ ಸಲಹೆ, ಪಕ್ಷದ ಹೆಸರು ಬರೆಸಿ.

ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್: ಬೇರೆಯೇ ಆಟ

ಸನ್ನಿವೇಲ್‌ನ ಸ್ನೇಹಿತರು ಕೇಳಿದ ಪ್ರಶ್ನೆ ಅವರ ರಾಜ್ಯಕ್ಕೆ ಬಹುಪಾಲು ಅನ್ವಯಿಸುವುದೇ ಇಲ್ಲ. 2010ರ ಜನಮತದ ನಂತರ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ನಿಲ್ಲುತ್ತಾರೆ, ಎಲ್ಲ ಮತದಾರರೂ ಮತ ಹಾಕುತ್ತಾರೆ, ಹೆಚ್ಚು ಮತ ಪಡೆದ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಆ ಇಬ್ಬರೂ ಒಂದೇ ಪಕ್ಷದವರಾಗಿರಬಹುದು. 2016ರಲ್ಲಿ ಸೆನೆಟ್‌ಗೆ ಕಮಲಾ ಹ್ಯಾರಿಸ್ ಎದುರಿಸಿದ್ದು ಇನ್ನೊಬ್ಬ ಡೆಮಾಕ್ರಾಟ್ ಲೊರೆಟ್ಟಾ ಸ್ಯಾಂಚೆಜ್ ಅವರನ್ನು.

ಇದರ ಲಾಭವನ್ನು ಕನ್ನಡಿಗರು ಬಹಳ ಸಂಖ್ಯೆಯಲ್ಲಿರುವ ಕ್ಷೇತ್ರದಲ್ಲೇ ನೋಡಬಹುದು. ಸನ್ನಿವೇಲ್, ಕುಪರ್ಟಿನೊ, ಸಾಂತಾ ಕ್ಲಾರಾ, ಫ್ರೀಮಾಂಟ್ ಒಳಗೊಂಡ 17ನೆಯ ಕ್ಷೇತ್ರದಲ್ಲಿ 2014ರಲ್ಲಿ ಹಾಲಿ ಸಂಸದ ಮೈಕ್ ಹೋಂಡಾ ಅವರ ವಿರುದ್ಧ ರೋ ಖನ್ನಾ ನಿಂತರು. ಇಬ್ಬರೂ ಡೆಮಾಕ್ರಾಟರು. ಜೂನ್‌ನಲ್ಲಿ ಖನ್ನಾ ಬಹಳ ಹಿಂದೆ ಬಿದ್ದರು. ಮುಚ್ಚಿದ ಪ್ರೈಮರಿಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ನವೆಂಬರ್‌ಗೆ ಹೋದದ್ದರಿಂದ ಪಕ್ಷೇತರರು, ರಿಪಬ್ಲಿಕನ್ನರು ಎಲ್ಲರ ಮುಂದೆ ಸ್ಪರ್ಧೆ ನಡೆಯಿತು, ಅಂತರ ನಾಲ್ಕು ಅಂಶಗಳಿಗಿಂತ ಕಡಿಮೆಗೆ ಇಳಿಯಿತು. 2016ರಲ್ಲಿ ಮತ್ತೆ ನಿಂತು ಖನ್ನಾ ಗೆದ್ದರು.

ಹಾಗೆಂದು ಮೊದಲ ಸುತ್ತನ್ನು ತಪ್ಪಿಸಿಕೊಂಡರೆ ಅಪಾಯವಿದೆ. 2012ರಲ್ಲಿ ಅದೇ ರಾಜ್ಯದ 31ನೆಯ ಕ್ಷೇತ್ರದಲ್ಲಿ ಡೆಮಾಕ್ರಾಟರದ್ದೇ ಒಲವಿದ್ದರೂ ನಾಲ್ವರು ಡೆಮಾಕ್ರಾಟರ ನಡುವೆ ಮತ ಹಂಚಿಹೋಗಿ ನವೆಂಬರ್‌ಗೆ ಇಬ್ಬರು ರಿಪಬ್ಲಿಕನ್ನರೇ ಉಳಿದರು. ಇನ್ನೊಂದು ಎಚ್ಚರಿಕೆ: ಅಧ್ಯಕ್ಷೀಯ ಪ್ರೈಮರಿ ಈ ವ್ಯವಸ್ಥೆಯ ಹೊರಗಿದೆ. 2020 ಮತ್ತು 2024ರಲ್ಲಿ ಪಕ್ಷೇತರರು ಡೆಮಾಕ್ರಾಟಿಕ್ ಮತಪತ್ರವನ್ನು ಕೇಳಿ ಪಡೆಯಬಹುದಿತ್ತು, ರಿಪಬ್ಲಿಕನ್ ಪಕ್ಷ ಕೊಡಲಿಲ್ಲ. ಕೇಳದವರಿಗೆ ಅಧ್ಯಕ್ಷರ ಜಾಗವೇ ಇಲ್ಲದ ಮತಪತ್ರ ಬಂತು. ವಾಷಿಂಗ್ಟನ್ ರಾಜ್ಯದಲ್ಲೂ ಇಬ್ಬರನ್ನು ಮುಂದೆ ಕಳುಹಿಸುವ ವ್ಯವಸ್ಥೆಯೇ. ಅಲಾಸ್ಕಾದಲ್ಲಿ 2022ರಿಂದ ನಾಲ್ವರು.

ಎದುರು ಪಕ್ಷದ ದುರ್ಬಲರನ್ನು ಗೆಲ್ಲಿಸುವ ಆಟ

ನವೆಂಬರ್‌ನಲ್ಲಿ ಸುಲಭವಾಗಿ ಸೋಲಲಿ ಎಂದು ಎದುರು ಪಕ್ಷದ ಅತಿ ದುರ್ಬಲ ಅಭ್ಯರ್ಥಿಗೆ ಪ್ರೈಮರಿಯಲ್ಲಿ ಮತ ಹಾಕುವುದು ಜಾಣತನ ಎಂದು ಕೆಲವರು ಹೇಳುತ್ತಾರೆ. 2008ರಲ್ಲಿ ರೇಡಿಯೊ ನಿರೂಪಕ ರಶ್ ಲಿಂಬಾ ಡೆಮಾಕ್ರಾಟರ ಜಗಳ ಮುಂದುವರಿಯಲಿ ಎಂದು ಹಿಲರಿ ಕ್ಲಿಂಟನ್‌ಗೆ ಮತ ಹಾಕುವಂತೆ ತಮ್ಮ ರಿಪಬ್ಲಿಕನ್ ಕೇಳುಗರನ್ನು ಕರೆದಿದ್ದರು. ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಒಪ್ಪದ ಮನುಷ್ಯನಿಗೆ ಒತ್ತಿದ ಮತ ಗುರಿ ತಪ್ಪಿ, ಆತ ಗೆದ್ದೇಬಿಟ್ಟರೆ ನಾಲ್ಕು ವರ್ಷ ಅವನ ಆಡಳಿತದಲ್ಲಿ ಬದುಕುವವರು ನಾವೇ.

ಆದರೆ ಒಂದೇ ಪಕ್ಷದ ಹಿಡಿತವಿರುವ ಊರಿನಲ್ಲಿ ಆ ಪಕ್ಷದೊಳಗೆ ಯಾರು ಮೇಲು ಎಂದು ನೋಡಿ ಪ್ರಾಮಾಣಿಕವಾಗಿ ಮತ ಹಾಕುವುದು ಬೇರೆಯೇ ಸಂಗತಿ. 2014ರಲ್ಲಿ ಮಿಸಿಸಿಪ್ಪಿಯ ಸೆನೆಟರ್ ಥ್ಯಾಡ್ ಕಾಕ್ರನ್ ರಿಪಬ್ಲಿಕನ್ ಪ್ರೈಮರಿಯ ಎರಡನೆಯ ಸುತ್ತಿನಲ್ಲಿ ಉಳಿದುಕೊಂಡಿದ್ದು ಡೆಮಾಕ್ರಾಟರ ಕಡೆ ವಾಲುವ ಕಪ್ಪು ಜನಾಂಗದ ಮತದಾರರ ಬೆಂಬಲದಿಂದ. ಅವರು ಆಟವಾಡಲಿಲ್ಲ, ತಮ್ಮ ರಾಜ್ಯಕ್ಕೆ ಇದ್ದುದರಲ್ಲಿ ಒಳ್ಳೆಯವರೆಂದು ಕಂಡವರನ್ನು ಆರಿಸಿದರು. ಪಕ್ಷಗಳಿಗೆ ಇದು ಸಿಟ್ಟು ತರಿಸುತ್ತದೆ. 2022ರಲ್ಲಿ ವಯೋಮಿಂಗ್‌ನಲ್ಲಿ ರಿಪಬ್ಲಿಕನ್ ಸಂಸದೆ ಲಿಜ್ ಚೇನಿ ಅವರನ್ನು ಉಳಿಸಲು ಡೆಮಾಕ್ರಾಟರು ಪಕ್ಷ ಬದಲಾಯಿಸಿ ಬಂದರು, ಚೇನಿ ಆದರೂ ಸೋತರು, ಮರುವರ್ಷ ಪ್ರೈಮರಿ ಹತ್ತಿರವಿರುವಾಗ ಪಕ್ಷ ಬದಲಾಯಿಸುವುದನ್ನೇ ರಾಜ್ಯ ನಿಷೇಧಿಸಿತು. ಇಂದು ಇರುವ ದಾರಿ ನಾಳೆ ಇರುತ್ತದೆ ಎಂಬ ಭರವಸೆಯಿಲ್ಲ, ಆದ್ದರಿಂದ ಪ್ರತಿ ಚುನಾವಣೆಗೂ ನಿಯಮವನ್ನು ಹೊಸದಾಗಿ ನೋಡಿಕೊಳ್ಳಬೇಕು.

ನೋಂದಣಿ ಅರ್ಜಿ ಮುಟ್ಟುವ ಮುನ್ನ

ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ಮೇಲೆ ಹೇಳಿದ್ದೆಲ್ಲ ಪೌರತ್ವ ಸಿಕ್ಕವರಿಗೆ ಮಾತ್ರ. ಗ್ರೀನ್ ಕಾರ್ಡ್ ಇರುವವರು, ಎಚ್-1ಬಿ ವೀಸಾದಲ್ಲಿರುವವರು ಈ ಪ್ರೈಮರಿಗಳಿಗೆ ನೋಂದಾಯಿಸಿಕೊಳ್ಳಲೂಬಾರದು. ವಾಹನ ಚಾಲನಾ ಪರವಾನಗಿ ನವೀಕರಿಸುವ ಕೌಂಟರಿನಲ್ಲಿ ಮತದಾರರ ನೋಂದಣಿಯ ಪ್ರಶ್ನೆ ತಾನಾಗಿ ಬರುತ್ತದೆ, ಹೌದು ಎಂದುಬಿಡುವುದು ಸುಲಭ. ಅರಿಯದೆ ಹೌದು ಎಂದರೂ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು, ಗಡಿಪಾರಿನವರೆಗೂ ಹೋಗಬಹುದು. ಊರಿನಿಂದ ಬಂದು ಮಕ್ಕಳ ಜೊತೆ ಗ್ರೀನ್ ಕಾರ್ಡ್‌ನಲ್ಲಿರುವ ಅಪ್ಪ ಅಮ್ಮಂದಿರಿಗೆ ದಯವಿಟ್ಟು ಇದನ್ನು ಕೂರಿಸಿ ಹೇಳಿ.

ಪೌರತ್ವ ಇರುವವರು ಇವತ್ತು ರಾತ್ರಿಯೇ ಮಾಡಬಹುದಾದ ಕೆಲಸವೆಂದರೆ ರಾಜ್ಯದ ಚುನಾವಣಾ ಜಾಲತಾಣದಲ್ಲಿ ತಮ್ಮ ಹೆಸರು ಹುಡುಕಿ, ಪಕ್ಷದ ಜಾಗದಲ್ಲಿ ಏನಿದೆ ಎಂದು ನೋಡುವುದು. ಗಂಡ ಹೆಂಡತಿ ಇಬ್ಬರೂ ಒಂದೇ ಪಕ್ಷ ಬರೆಸಬೇಕೆಂದೇನೂ ಇಲ್ಲ. ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಅಂಚೆ ಪೆಟ್ಟಿಗೆ ಜೂನ್‌ಗೆ ಮುನ್ನ ತುಂಬಿ ತುಳುಕುತ್ತದೆ, ಊಟದ ಮೇಜಿನ ಮೇಲೆ ಎರಡೂ ಕಡೆಯ ಕರಪತ್ರಗಳು ಒಟ್ಟಿಗೆ ಬಿದ್ದಿರುತ್ತವೆ.

ಆ ಮೇಜಿನ ಬಳಿ ಈ ವರ್ಷ ಇನ್ನೊಬ್ಬಳು ಸೇರಿದ್ದಾಳೆ. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವ 17 ವರ್ಷದವರು ಪ್ರೈಮರಿಯಲ್ಲಿ ಮತ ಹಾಕಬಹುದು ಎಂಬ ನಿಯಮ ನ್ಯೂಜೆರ್ಸಿಯಲ್ಲಿ 2026ರಿಂದ ಜಾರಿಗೆ ಬಂದಿದೆ. ಮಗಳಿಗೆ ಸೆಪ್ಟೆಂಬರ್‌ನಲ್ಲಿ 18. ನೋಂದಣಿ ಅರ್ಜಿಯ ಪಕ್ಷದ ಸಾಲಿನ ಮೇಲೆ ಪೆನ್ನು ಇಟ್ಟು, "ಅಮ್ಮ, ಇಲ್ಲಿ ಏನು ಬರೆಯಲಿ?" ಎಂದಳು. ನ್ಯೂಯಾರ್ಕಿನ ಆ ಪುಸ್ತಕದಲ್ಲಿ ನನ್ನ ಹೆಸರಿಲ್ಲದ ಕಥೆ ಹೇಳಿದೆ, ಖಾಲಿ ಬಿಟ್ಟರೂ ಇಲ್ಲಿ ಜೂನ್‌ನಲ್ಲಿ ಮತಗಟ್ಟೆಯಲ್ಲೇ ಘೋಷಿಸಬಹುದು ಎಂದೂ ಹೇಳಿದೆ. ನಮ್ಮ ಕ್ಷೇತ್ರದ ಕಳೆದ ಮೂರು ಚುನಾವಣೆಗಳ ಅಂತರ ಎಷ್ಟಿತ್ತು ಎಂದು ಅವಳು ಮೊಬೈಲ್ ತೆಗೆದು ಹುಡುಕತೊಡಗಿದಳು. ನಾನು ಅನ್ನಕ್ಕಿಡಲು ಎದ್ದೆ.